ಹಾಡುವ ಮಕ್ಕಳ ವಸತಿ ಶಿಬಿರಕ್ಕೆ ರೊಕ್ಕ ಕೂಡಿಸುವ ಬಗೆ: ಆಷಾಢದಿಂದ ದಸರೆ ರಜೆಯವರೆಗೆ

ಸಂಗೀತ ಶಾಲೆಯ ಅಥವಾ ಓಣಿಯ ಭಜನಾ ಮಂಡಳಿಯ ಇಪ್ಪತ್ತು-ಇಪ್ಪತ್ತೈದು ಮಕ್ಕಳನ್ನು ಐದು ದಿನದ ವಸತಿ ಗಾಯನ ಶಿಬಿರಕ್ಕೆ ಕರೆದೊಯ್ಯಲು ಒಂದೂವರೆ ಲಕ್ಷ ರೂಪಾಯಿಯ ಆಸುಪಾಸು ಬೇಕಾಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಲ್ಲಿ ಇಷ್ಟು ಕೂಡುವುದು ಆಗದ ಮಾತಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ದು ಜನರ ಜೋಳಿಗೆಯಿಂದ, ಜೊತೆಗೆ ತನ್ನದೇ ನಾಟಕ ಕಂಪನಿಯ ಗಳಿಕೆಯಿಂದ. ಹಾಡಿ, ಆಡಿ ಖರ್ಚು ತೂಗಿಸುವುದು ಈ ಕಡೆ ಹೊಸದೇನೂ ಅಲ್ಲ. "ಹುಡುಗರು ಹಾಡು ಕಲಿಯಾಕ ಹೊಂಟಾರ್ರಿ" ಎಂದರೆ ಕಿಸೆಗೆ ಕೈ ಹಾಕುವವರು ಇನ್ನೂ ಇದ್ದಾರೆ.

ಹೆಚ್ಚಿನ ತಂಡಗಳು ಎಡವುವುದು ಬೇರೆ ಕಡೆ. ರೊಕ್ಕ ಬರುವ ತಿಂಗಳು ಒಂದು, ಬೇಕಾಗುವ ತಿಂಗಳು ಇನ್ನೊಂದು. ಗಣಪತಿ ಹಬ್ಬದಲ್ಲಿ ಕೈ ತುಂಬ ರೊಕ್ಕ ಇರುತ್ತದೆ, ಆದರೆ ರೈಲಿನ ಸೀಟು ಅದಕ್ಕೂ ಮೊದಲೇ ಮುಗಿದಿರುತ್ತದೆ. ಹಾಗಾಗಿ ಎಷ್ಟು ಎಂಬುದರ ಜೊತೆಗೆ ಯಾವಾಗ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಈ ಬರಹವಿದೆ. ಶಿಬಿರ ದಸರೆ ರಜೆಯಲ್ಲಿ, ಮೈಸೂರಿನಲ್ಲಿ ಎಂದಿಟ್ಟುಕೊಳ್ಳೋಣ.

ಒಂದು ಮಗುವಿನ ಲೆಕ್ಕ

24 ಮಕ್ಕಳು, 4 ದೊಡ್ಡವರು, 5 ದಿನ. ಕೆಳಗಿನ ದರಗಳು ಲೆಕ್ಕ ಹಾಕುವ ರೀತಿ ತೋರಿಸಲಿಕ್ಕೆ ಹಿಡಿದವು. ನಿಮ್ಮ ಶಿಬಿರದ ಶುಲ್ಕ, ಆ ಹೊತ್ತಿನ ರೈಲು ದರ ಹಾಕಿ ತಿದ್ದಿಕೊಳ್ಳಿ.

ಶಿಬಿರದ ಶುಲ್ಕ (ಊಟ, ವಸತಿ ಸೇರಿ), ಮಕ್ಕಳಿಗೆ: 24 × 3,500 = 84,000
ಅದೇ, ದೊಡ್ಡವರಿಗೆ: 4 × 2,000 = 8,000
ರೈಲು, ಸ್ಲೀಪರ್, ಹೋಗಿ ಬರಲು: 28 × 700 = 19,600
ಎರಡೂ ಊರಲ್ಲಿ ನಿಲ್ದಾಣಕ್ಕೆ ಹೋಗಿ ಬರುವ ವಾಹನ: 8,000
ದಾರಿಯ ಊಟ, ನೀರು: 28 × 300 = 8,400
ಹಾಡಿನ ಪುಸ್ತಕ, ಝೆರಾಕ್ಸ್: 2,500
ಔಷಧ ಪೆಟ್ಟಿಗೆ: 1,500
ಹಾರ್ಮೋನಿಯಂ, ತಬಲಾ ಸಾಗಣೆ: 2,000

ಕೂಡಿ 1,34,000. ಇದರ ಮೇಲೆ ಶೇಕಡಾ 10ರಷ್ಟು, ಅಂದರೆ 13,400, ಗೊತ್ತಿಲ್ಲದ ಖರ್ಚಿಗೆ ತೆಗೆದಿಡಿ. ಒಟ್ಟು 1,47,400. ಇದನ್ನು 24ರಿಂದ ಭಾಗಿಸಿದರೆ ಒಂದು ಮಗುವಿಗೆ ಸುಮಾರು 6,150. ಇನ್ನು ಮುಂದೆ ಎಲ್ಲರ ಬಾಯಲ್ಲೂ ಬರಬೇಕಾದದ್ದು ಈ ಒಂದೇ ಅಂಕಿ. ಅಧ್ಯಕ್ಷರು ಒಂದು, ಹಾಡು ಕಲಿಸುವ ಅಕ್ಕೋರು ಇನ್ನೊಂದು, ಪಾಲಕರು ಮತ್ತೊಂದು ಹೇಳಿದರೆ ಕೊಡುವವರು ಮೊದಲು ಅನುಮಾನ ಪಡುವುದು ಅಲ್ಲಿಯೇ.

ದೊಡ್ಡವರ ಖರ್ಚನ್ನು ಮಕ್ಕಳ ಲೆಕ್ಕದೊಳಗೆ ಅಡಗಿಸಬೇಡಿ. "ಮಾಸ್ತರರ ತಿಕೀಟು ನಾವ್ಯಾಕ ತಗಸೂಣು?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆರು ಮಕ್ಕಳಿಗೆ ಒಬ್ಬರು ದೊಡ್ಡವರು, ಅವರಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳು, ಇಲ್ಲದಿದ್ದರೆ ಮಕ್ಕಳನ್ನು ಹೊರಡಿಸುವುದಿಲ್ಲ ಎಂದು ನೇರವಾಗಿ ಹೇಳಿದರೆ ಯಾರೂ ಎದುರಾಡುವುದಿಲ್ಲ.

ಸಮವಸ್ತ್ರವನ್ನು ಬೇಕೆಂದೇ ಈ ಪಟ್ಟಿಯಿಂದ ಹೊರಗಿಟ್ಟಿದೆ. ಜನ ಪ್ರಯಾಣಕ್ಕೆ, ಊಟಕ್ಕೆ, ಪಾಠಕ್ಕೆ ಕೊಟ್ಟಷ್ಟು ಸಲೀಸಾಗಿ ಬಟ್ಟೆಗೆ ಕೊಡುವುದಿಲ್ಲ. ಅರಿವೆ ಅಂಗಡಿಯವರ ಬಳಿ ರೊಕ್ಕದ ಬದಲು ಅರಿವೆಯನ್ನೇ ಕೇಳಿ. ಒಂದೇ ಬಣ್ಣದ ಅರಿವೆ, ಮಕ್ಕಳ ಅಳತೆ ಕೂಡಿಸಿ ಇಷ್ಟು ಮೀಟರ್ ಎಂದು ಬರೆದುಕೊಂಡು ಹೋದರೆ ಕೆಲಸ ಆಗುತ್ತದೆ.

ರೈಲು ತಿಕೀಟಿನಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಅರ್ಧ ದರ ಎಂದು ಲೆಕ್ಕ ಹಾಕಿ ಕೂತಿರುತ್ತಾರೆ. ಆ ಅರ್ಧ ದರ ಬರ್ತ್ ಬೇಡ ಎಂದವರಿಗೆ ಮಾತ್ರ. ರಾತ್ರಿ ರೈಲಿನಲ್ಲಿ ಮಲಗಲು ಬರ್ತ್ ಬೇಕೆಂದರೆ ಪೂರ್ತಿ ದರ. ತಂಡ ಶಾಲೆಯದೇ ಆಗಿದ್ದರೆ ವಿದ್ಯಾರ್ಥಿ ರಿಯಾಯಿತಿ ಸಿಗುತ್ತದೆಯೇ ಎಂದು ಮುಖ್ಯಾಧ್ಯಾಪಕರ ಪತ್ರದೊಂದಿಗೆ ರಿಸರ್ವೇಶನ್ ಕೌಂಟರಿನಲ್ಲಿ ಕೇಳಿ. ಸಿಕ್ಕರೆ ಲಾಭ, ಲೆಕ್ಕದಲ್ಲಿ ಮಾತ್ರ ಹಿಡಿಯಬೇಡಿ.

ಶಕ್ತಿ ಯೋಜನೆ ಇದೆಯಲ್ಲ, ಹುಡುಗಿಯರನ್ನೆಲ್ಲ ಬಸ್ಸಿಗೆ ಹತ್ತಿಸಿದರೆ ಆಯಿತು ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಸಾದಾ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ತಿಕೀಟಿಲ್ಲ, ನಿಜ. ಆದರೆ ತಂಡ ಎರಡು ಭಾಗವಾಗುತ್ತದೆ, ಮೈಸೂರಿನವರೆಗಿನ ದಾರಿ ಉದ್ದ, ರಜೆಯ ಗದ್ದಲ ಬೇರೆ. ಆ ಸವಲತ್ತನ್ನು ತಾಲೀಮಿಗೆ, ಅಕ್ಕಪಕ್ಕದ ಊರಿನ ಕಾರ್ಯಕ್ರಮಗಳಿಗೆ ಓಡಾಡುವಾಗ ಬಳಸಿ, ಮಕ್ಕಳ ಆಧಾರ್ ಕಾರ್ಡು ಜೊತೆಗಿರಲಿ. ದೂರದ ಪ್ರಯಾಣಕ್ಕೆ ಎಲ್ಲರೂ ಒಂದೇ ಬೋಗಿಯಲ್ಲಿ ಇರುವುದೇ ಲೇಸು.

ಪಾಲಕರ ಪಾಲು

ಪಾಲಕರಿಂದ ಏನೂ ತಗೊಳ್ಳದೆ ಪೂರ್ತಿ ದೇಣಿಗೆಯ ಮೇಲೆ ಹೋಗುವುದು ಒಳ್ಳೆಯದಲ್ಲ. ತಮ್ಮದೊಂದಿಷ್ಟು ಹಾಕಿದವರೇ ಕೊನೆಯ ವಾರದಲ್ಲಿ "ನಮ್ಮ ಹುಡುಗ ಬರಾಂಗಿಲ್ರಿ" ಎನ್ನುವುದಿಲ್ಲ. ತಲೆಗೆ 2,500 ಇಡಿ, ಎರಡು ಕಂತು: ಜೂನ್‌ನಲ್ಲಿ 1,000, ಸೆಪ್ಟೆಂಬರ್‌ನಲ್ಲಿ 1,500.

24ರಲ್ಲಿ ಆರು ಮನೆಗೆ ಇದೂ ಭಾರ ಎಂದು ಹಿಡಿಯಿರಿ. 18 ಮನೆಯಿಂದ 45,000 ಬರುತ್ತದೆ. ಆ ಆರು ಮನೆ ಯಾವುವು ಎಂಬುದು ಖಜಾಂಚಿಗೆ ಮತ್ತು ಇನ್ನೊಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಾಗಬಾರದು. ಅದಕ್ಕೆ ಸುಲಭದ ದಾರಿ: 24 ಮನೆಗೂ ಒಂದೇ ತರಹದ ಲಕೋಟೆ ಕೊಟ್ಟು, ಎಲ್ಲರೂ ಮುಚ್ಚಿ ತಂದು ಕೊಡುವುದು. ಒಳಗೆ ರೊಕ್ಕ ಇರಬಹುದು, ಇಲ್ಲವೇ "ಈ ಸಲ ಆಗುವುದಿಲ್ಲ" ಎಂಬ ಚೀಟಿ ಇರಬಹುದು. ವಾಟ್ಸಾಪ್ ಗುಂಪಿನಲ್ಲಿ "ಇನ್ನೂ ಕೊಡದವರು" ಎಂದು ಹೆಸರು ಹಾಕಿದ ದಿನ ಆ ಮಕ್ಕಳು ತಾಲೀಮಿಗೆ ಬರುವುದನ್ನು ಬಿಡುತ್ತಾರೆ. ಅದೇ ರೀತಿ "ಈ ಬಡ ಬಾಲಕಿಗೆ ನೆರವಾಗಿ" ಎಂದು ಮಗುವಿನ ಫೋಟೋ ಹಾಕಿ ಬೇಡುವುದೂ ಬೇಡವೇ ಬೇಡ. ನಾಳೆ ಅದೇ ಮಗು ಅದೇ ಶಾಲೆಯಲ್ಲಿ ಕೂಡಬೇಕು.

ಪಾಲಕರದು ಹೋದರೆ ಹೊರಗಿಂದ ಬರಬೇಕಾದದ್ದು 1,02,400. ಅದನ್ನು ಹೀಗೆ ಹಂಚಿಕೊಳ್ಳಿ: ಆಷಾಢದ ಕಾರ್ಯಕ್ರಮದಿಂದ 35,000, ಗಿರಮಿಟ್ಟು ಮತ್ತು ಚಟ್ನಿಪುಡಿಯಿಂದ 9,000, ಶ್ರಾವಣದ ಭಜನೆಯಿಂದ 8,000, ಗಣಪತಿ ಪೆಂಡಾಲುಗಳಿಂದ 24,000, ಅಂಗಡಿ-ಪೇಟೆಯ ದೇಣಿಗೆಯಿಂದ 26,400.

ಯಾವ ವಾರ ಎಷ್ಟು

ಈಗ ರೈಲ್ವೆ ಮುಂಗಡ ಬುಕ್ಕಿಂಗ್ ತೆರೆಯುವುದು ಪ್ರಯಾಣಕ್ಕೆ 60 ದಿನ ಮೊದಲು. ದಸರೆಗೆ ಮೈಸೂರಿನ ಕಡೆಯ ರೈಲು ತುಂಬುವುದು ಆ ಮೊದಲ ಒಂದೆರಡು ದಿನದಲ್ಲೇ. ಅಕ್ಟೋಬರ್ ಮೊದಲ ವಾರ ಹೊರಡುವುದಾದರೆ ಆಗಸ್ಟ್ ಮೊದಲ ವಾರ 19,600 ಕೈಯಲ್ಲಿರಬೇಕು. ಬರುವ ದಿನದ ತಿಕೀಟು ಐದಾರು ದಿನ ತಡವಾಗಿ ತೆರೆಯುತ್ತದೆ, ಅದನ್ನು ಮರೆತು ಹೋಗುವ ತಿಕೀಟು ಮಾತ್ರ ತೆಗೆದು ಕೂತವರು ಕಡೆಗೆ ದುಬಾರಿ ಖಾಸಗಿ ಬಸ್ಸಿನಲ್ಲಿ ಬರಬೇಕಾಗುತ್ತದೆ. ಒಂದು ತಿಕೀಟಿನಲ್ಲಿ ಆರು ಜನರಿಗಿಂತ ಹೆಚ್ಚು ಸೇರಿಸಲು ಬರುವುದಿಲ್ಲ, 28 ಜನಕ್ಕೆ ಐದು ತಿಕೀಟು ಆಗುತ್ತವೆ. ದೊಡ್ಡವರು ನಾಲ್ವರೇ ಇರುವುದರಿಂದ ಐದನೆಯದು ಮಕ್ಕಳದ್ದೇ ಆಗಿ ಬೇರೆ ಬೋಗಿಗೆ ಬೀಳಬಹುದು. ದೊಡ್ಡ ಗುಂಪಿಗೆ ಒಟ್ಟಿಗೆ ಕಾಯ್ದಿರಿಸಲು ಬೇರೆ ಅರ್ಜಿ ಇದೆ, ಹುಬ್ಬಳ್ಳಿ ನಿಲ್ದಾಣದ ರಿಸರ್ವೇಶನ್ ಕಚೇರಿಯಲ್ಲಿ ಜುಲೈನಲ್ಲೇ ವಿಚಾರಿಸಿ.

ಶಿಬಿರದವರು ಸಾಮಾನ್ಯವಾಗಿ ಜಾಗ ಕಾಯ್ದಿರಿಸಲು ಒಂದು ಪಾಲು ಮುಂಗಡ ಕೇಳುತ್ತಾರೆ. ಕಾಲು ಭಾಗ ಎಂದರೆ 23,000, ಜೂನ್ ಕೊನೆಗೆ. ಪಾಲಕರ ಮೊದಲ ಕಂತು 18,000 ಬಂದಿರುತ್ತದೆ, ಉಳಿದ 5,000 ಹತ್ತಿರದವರಿಂದ ಎತ್ತಿ. ಉಳಿದ 69,000 ಸೆಪ್ಟೆಂಬರ್ ನಡುವಿಗೆ. ಮುಂಗಡ ಕಟ್ಟುವ ಮೊದಲು ಮೂರು ಮಾತು ಬರಹದಲ್ಲಿ ತಗೊಳ್ಳಿ: ಒಂದು ಮಗು ಬಿಟ್ಟರೆ ಅದರ ಜಾಗದಲ್ಲಿ ಇನ್ನೊಂದನ್ನು ಕಳಿಸಬಹುದೇ, ಶಿಬಿರವೇ ನಿಂತರೆ ಎಷ್ಟು ವಾಪಸ್, ಮಕ್ಕಳ ಸಂಖ್ಯೆ ಕಡಿಮೆಯಾದರೆ ಶುಲ್ಕ ಬದಲಾಗುತ್ತದೆಯೇ.

ಅಧಿಕ ಮಾಸ ಬಂದ ವರ್ಷ ಹಬ್ಬಗಳೆಲ್ಲ ಎರಡು ಮೂರು ವಾರ ಮುಂದೆ ಸರಿಯುತ್ತವೆ. ಕ್ಯಾಲೆಂಡರ್ ಹಾಕುವ ಮೊದಲು ಪಂಚಾಂಗ ತೆರೆಯಿರಿ.

ಖಾತೆ ಮತ್ತು ಪಾವತಿ ಪುಸ್ತಕ

ಒಬ್ಬರ ಸ್ವಂತ ಫೋನ್‌ಪೇ ನಂಬರಿಗೆ ರೊಕ್ಕ ಹಾಕಿಸಬೇಡಿ. ಅವರು ಎಷ್ಟೇ ಪ್ರಾಮಾಣಿಕರಿರಲಿ, ಮನೆಯ ಖರ್ಚು ಮತ್ತು ಶಿಬಿರದ ರೊಕ್ಕ ಒಂದೇ ಖಾತೆಯಲ್ಲಿ ಕಲೆತರೆ ಮೂರು ತಿಂಗಳ ನಂತರ ಬಿಡಿಸಲು ಬರುವುದಿಲ್ಲ. ತಂಡ ನೋಂದಾಯಿತ ಸಂಘವಾಗಿದ್ದರೆ ಸಂಘದ ಖಾತೆ, ಇಲ್ಲದಿದ್ದರೆ ಶಾಲೆಯ ಅಥವಾ ಆಶ್ರಯ ಕೊಟ್ಟ ಟ್ರಸ್ಟಿನ ಖಾತೆಯಲ್ಲಿ ಬೇರೆ ಲೆಕ್ಕ. ಇಬ್ಬರ ಸಹಿ ಇಲ್ಲದೆ ರೊಕ್ಕ ಹೊರಬರಬಾರದು.

ಪಾವತಿ (ರಸೀದಿ) ಪುಸ್ತಕ ಅಚ್ಚು ಹಾಕಿಸಿ, ಕ್ರಮಸಂಖ್ಯೆ ಇರಲಿ, ಕಾರ್ಬನ್ ಪ್ರತಿ ಇರಲಿ. 50 ಹಾಳೆಯ ನಾಲ್ಕು ಪುಸ್ತಕ ಸಾಕು. ಯಾರಿಗೆ ಯಾವ ನಂಬರಿನ ಪುಸ್ತಕ ಕೊಟ್ಟಿರಿ ಎಂದು ಬರೆದಿಡಿ, ವಾರಕ್ಕೊಮ್ಮೆ ವಾಪಸ್ ತರಿಸಿ ನೋಡಿ. ತಪ್ಪಾದ ಹಾಳೆಯನ್ನು ಹರಿದು ಒಗೆಯದೆ ಅಡ್ಡ ಗೆರೆ ಎಳೆದು ಅಲ್ಲೇ ಬಿಡಬೇಕು. ನಡುವೆ ಒಂದು ನಂಬರು ಕಾಣೆಯಾದರೆ ಉಳಿದ ನೂರು ಪಾವತಿಯ ಮೇಲೂ ಮಾತು ಬರುತ್ತದೆ.

80ಜಿ ಎಂದು ಎಲ್ಲರೂ ಕರೆಯುವ ನೋಂದಣಿ ನಿಮ್ಮ ಸಂಘಕ್ಕೆ ಇಲ್ಲದಿದ್ದರೆ ಪಾವತಿಯ ಮೇಲೆ "ತೆರಿಗೆ ವಿನಾಯಿತಿ ಇದೆ" ಎಂದು ಅಚ್ಚು ಹಾಕಿಸಬೇಡಿ. ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಕೊಟ್ಟವರಿಗೆ ವಿನಾಯಿತಿ ಸಿಗುವುದಿಲ್ಲ, ಅಂಥವರಿಗೆ ಚೆಕ್ ಅಥವಾ ಯುಪಿಐ ಮಾಡಲು ಹೇಳಿ.

ಆಷಾಢದ ಕಾರ್ಯಕ್ರಮ

ಆಷಾಢದಲ್ಲಿ ಮದುವೆ ಇಲ್ಲ, ಕಲ್ಯಾಣ ಮಂಟಪಗಳು ಖಾಲಿ ಬಿದ್ದಿರುತ್ತವೆ. ಮಂಟಪದವರು ಬಾಡಿಗೆ ಇಳಿಸುವ ತಿಂಗಳು ಇದು. ಹುಬ್ಬಳ್ಳಿಯ ಸವಾಯಿ ಗಂಧರ್ವ ಕಲಾಮಂದಿರ, ಧಾರವಾಡದ ಸೃಜನಾ ರಂಗಮಂದಿರ ಒಳ್ಳೆಯ ಜಾಗಗಳೇ, ಆದರೆ 24 ಮಕ್ಕಳ ಮೊದಲ ಕಾರ್ಯಕ್ರಮಕ್ಕೆ 250 ಕುರ್ಚಿಯ ಮಂಟಪ ತುಂಬಿ ಕಾಣುತ್ತದೆ, ದೊಡ್ಡ ರಂಗಮಂದಿರ ಬಣಗುಟ್ಟುತ್ತದೆ. ಮಳೆಗಾಲ, ಬಯಲಿನಲ್ಲಿ ಇಡಬೇಡಿ. ಧಾರವಾಡದ ಜಿಟಿಜಿಟಿ ಮಳೆ ಜೋರಾಗದಿದ್ದರೂ ಜನರನ್ನು ಮನೆ ಬಿಟ್ಟು ಏಳಗೊಡುವುದಿಲ್ಲ. ಭಾನುವಾರ ಸಂಜೆ ಐದಕ್ಕೆ ಶುರು, ಏಳರೊಳಗೆ ಮುಗಿತಾಯ.

ಖರ್ಚು: ಮಂಟಪ 8,000, ಧ್ವನಿವರ್ಧಕ 6,000, ಅಚ್ಚು 2,000, ಚಹಾ 2,000, ಕೂಡಿ 18,000. ಆದಾಯ ಎರಡು ಕಡೆಯಿಂದ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಕಾಲು ಪುಟದ ಜಾಹೀರಾತು 2,500ರಂತೆ 14 ಅಂಗಡಿಗಳಿಂದ 35,000. ಬಂದವರು ಲಕೋಟೆಯಲ್ಲಿ ಹಾಕುವುದು 18,000. ಖರ್ಚು ಕಳೆದರೆ 35,000. ಜಾಹೀರಾತಿನ ರೊಕ್ಕ ಅಚ್ಚಿಗೆ ಹೋಗುವ ಮೊದಲೇ ಕೈಗೆ ಬರಬೇಕು. ಪುಸ್ತಿಕೆ ಹಂಚಿದ ನಂತರ ಜಾಹೀರಾತಿನ ರೊಕ್ಕ ಕೇಳಿಕೊಂಡು ಅಂಗಡಿ ಅಂಗಡಿ ಅಲೆಯುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ತಿಕೀಟು ಇಡಬೇಕೋ, ಪ್ರವೇಶ ಮುಕ್ತ ಇಟ್ಟು ದೇಣಿಗೆ ಕೇಳಬೇಕೋ? ಮುಕ್ತ ಪ್ರವೇಶವೇ ಸರಿ, ಅದಕ್ಕೆ ಹಕ್ಕುಸ್ವಾಮ್ಯದ ಕಾರಣವೂ ಇದೆ. ಹವ್ಯಾಸಿ ತಂಡ ರೊಕ್ಕ ಕೊಡದ ಸಭಿಕರ ಮುಂದೆ ಹಾಡಿದರೆ ಕಾನೂನು ಸಡಿಲ ಬಿಟ್ಟಿದೆ, ತಿಕೀಟಿಟ್ಟು ಹಾಡಿದರೆ ಹಕ್ಕುದಾರರ ಅನುಮತಿ ಬೇಕು. ವಚನ, ದಾಸರ ಪದ, ತತ್ವಪದಗಳ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಈಚಿನವರು ಕೂಡಿಸಿದ ರಾಗಸಂಯೋಜನೆಗೆ ಇರಬಹುದು. ಧಾರವಾಡದಲ್ಲಿ ಬೇಂದ್ರೆಯವರ ಪದ ಇಲ್ಲದೆ ಕಾರ್ಯಕ್ರಮ ಮುಗಿಯುವುದಿಲ್ಲ. ಅವರು ತೀರಿದ್ದು 1981ರಲ್ಲಿ, ಅಲ್ಲಿಂದ 60 ವರ್ಷ, ಅಂದರೆ 2041ರ ಕೊನೆಯವರೆಗೆ ಆ ಸಾಹಿತ್ಯಕ್ಕೆ ಹಕ್ಕು ಇದೆ. ತಿಕೀಟಿನ ಕಾರ್ಯಕ್ರಮದಲ್ಲಿ ಹಾಡುವುದಾದರೆ ಕೇಳಿಕೊಂಡೇ ಹಾಡಬೇಕು. ಸಿನೆಮಾ ಹಾಡಿನ ತಂಟೆಗೆ ಹೋಗದಿರುವುದು ಇನ್ನೂ ಸುಲಭ.

ಒಂಬತ್ತು ಹಾಡು, 70 ನಿಮಿಷ. ಭಾಷಣ ಎಲ್ಲ ಸೇರಿ 15 ನಿಮಿಷ ಮೀರದಿರಲಿ, ಸನ್ಮಾನ ಬೇಡವೇ ಬೇಡ. ಒಂದು ಶಾಲು ಶುರುವಾದರೆ ಹತ್ತಕ್ಕೆ ನಿಲ್ಲುತ್ತದೆ, ಅಷ್ಟರಲ್ಲಿ ಸಣ್ಣ ಮಕ್ಕಳು ನಿಂತಲ್ಲೇ ತೂಕಡಿಸುತ್ತಾರೆ. ಮೈಕು ಕೈಯಿಂದ ಕೈಗೆ ಸಾಗಿಸುವ ಪದ್ಧತಿ ಸಮೂಹ ಗಾಯನವನ್ನು ಕೆಡಿಸುತ್ತದೆ: ಹಿಡಿದವರ ಧ್ವನಿ ಒಂದೇ ಕೇಳಿ ಉಳಿದ 23 ಮಕ್ಕಳು ಬಾಯಾಡಿಸಿದಂತೆ ಕಾಣುತ್ತಾರೆ. ಮೂರು ಸಾಲು ನಿಲ್ಲಿಸಿ, ಮುಂದಿನ ಸಾಲಿನಿಂದ ಮೂರು ನಾಲ್ಕು ಅಡಿ ದೂರದಲ್ಲಿ ನಾಲ್ಕು ಸ್ಟ್ಯಾಂಡ್ ಮೈಕು, ಹಿಂದಿನ ಸಾಲಿಗೆ ಬೆಂಚು. ತಬಲಾದವರಿಗೆ ಯಾವ ಪಟ್ಟಿಯಲ್ಲಿ (ಶ್ರುತಿಯಲ್ಲಿ) ಹಾಡುತ್ತೀರಿ ಎಂದು ಹಿಂದಿನ ದಿನವೇ ತಿಳಿಸಿ. ವೇದಿಕೆಯ ಮೇಲೆ ಸುತ್ತಿಗೆ ಹಿಡಿದು ಶ್ರುತಿ ಕೂಡಿಸುತ್ತ ಕೂತರೆ ಹತ್ತು ನಿಮಿಷ ಹೋಯಿತು.

ದೇಣಿಗೆ ಕೇಳುವ ಹೊತ್ತು ಕೊನೆಯ ಹಾಡಿಗಿಂತ ಒಂದು ಹಾಡು ಮೊದಲು. ಕೊನೆಯ ಹಾಡು ಮುಗಿದ ಮೇಲೆ ಕೇಳಿದರೆ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಲಕೋಟೆಯನ್ನು ಕುರ್ಚಿಯ ಮೇಲೆ ಮೊದಲೇ ಇಟ್ಟಿರಬೇಕು, ಬಾಗಿಲಲ್ಲಿ ಬೀಗ ಹಾಕಿದ ಡಬ್ಬಿ ಇಬ್ಬರು ದೊಡ್ಡವರ ಕಾವಲಿನಲ್ಲಿ. ಮಕ್ಕಳ ಕೈಗೆ ತಟ್ಟೆ ಕೊಟ್ಟು ಸಾಲುಗಳ ನಡುವೆ ಓಡಾಡಿಸಬೇಡಿ. ಮಕ್ಕಳ ಕೆಲಸ ಹಾಡುವುದು.

ಗಿರಮಿಟ್ಟು ಮತ್ತು ಶೇಂಗಾ ಚಟ್ನಿಪುಡಿ

ತಿನ್ನುವುದರಲ್ಲಿ ದುಡಿತ ಹೆಚ್ಚು, ಉಳಿತಾಯ ಕಡಿಮೆ. ಆದರೂ ಮಾಡಬೇಕು. ದೇಣಿಗೆ ಕೊಡಲು ಹಿಂದೆ ಮುಂದೆ ನೋಡುವವರೂ ಮೂವತ್ತು ರೂಪಾಯಿಯ ಗಿರಮಿಟ್ಟು ತಿಂದು ಹೋಗುತ್ತಾರೆ.

ನೂರು ಪ್ಲೇಟಿಗೆ: ಚುರಮುರಿ 4 ಕಿಲೋ (ಪ್ಲೇಟಿಗೆ 40 ಗ್ರಾಂ), ಗೊಜ್ಜಿಗೆ ಉಳ್ಳಾಗಡ್ಡಿ 2 ಕಿಲೋ, ಟೊಮ್ಯಾಟೊ 1 ಕಿಲೋ, ಹಸಿಮೆಣಸಿನಕಾಯಿ 250 ಗ್ರಾಂ, ಹುಣಸೆಹಣ್ಣು 250 ಗ್ರಾಂ, ಬೆಲ್ಲ 300 ಗ್ರಾಂ, ಎಣ್ಣೆ ಮುಕ್ಕಾಲು ಲೀಟರ್, ಮೇಲೆ ಹಾಕಲು ಪುಠಾಣಿ ಹಿಟ್ಟು ಅರ್ಧ ಕಿಲೋ, ಸೇವು 1 ಕಿಲೋ, ಹೆಚ್ಚಿದ ಹಸಿ ಉಳ್ಳಾಗಡ್ಡಿ ಒಂದೂವರೆ ಕಿಲೋ, ಕೊತ್ತಂಬರಿ ಐದು ಕಟ್ಟು. ಗೊಜ್ಜನ್ನು ಮಧ್ಯಾಹ್ನವೇ ಕುದಿಸಿ ಆರಿಸಿ. ಕಲಸುವುದು ಮಾತ್ರ ಗಿರಾಕಿ ಮುಂದೆ ನಿಂತಾಗ, ಒಂದು ಸಲಕ್ಕೆ ಐದು ಪ್ಲೇಟಿಗಿಂತ ಹೆಚ್ಚು ಬೇಡ. ಗದ್ದಲ ಬರುತ್ತದೆಂದು ದೊಡ್ಡ ಪಾತೇಲಿಯಲ್ಲಿ ಮೊದಲೇ ಕಲಸಿಟ್ಟರೆ ಐದೇ ನಿಮಿಷದಲ್ಲಿ ಚುರಮುರಿ ಮೆತ್ತಗಾಗುತ್ತದೆ. ಪುಠಾಣಿ ಹಿಟ್ಟು ಕಡೆಗೆ ಹಾಕಬೇಕು, ಅದು ಗೊಜ್ಜಿನ ನೀರು ಹೀರಿ ಚುರಮುರಿಯನ್ನು ಗರಿಗರಿಯಾಗಿ ಇಡುತ್ತದೆ. ಮಳೆಗಾಲದಲ್ಲಿ ಚುರಮುರಿ ಚೀಲ ಬಿಚ್ಚಿದ ಕೂಡಲೇ ಥಂಡಿ ಹಿಡಿಯುತ್ತದೆ, ದೊಡ್ಡ ಕಡಾಯಿಯಲ್ಲಿ ಸಣ್ಣ ಉರಿಯ ಮೇಲೆ ಎರಡು ನಿಮಿಷ ಬೆಚ್ಚಗೆ ಮಾಡಿ. ಪ್ಲೇಟಿಗೆ 12 ಖರ್ಚು, 30ಕ್ಕೆ ಮಾರಿದರೆ ನೂರು ಪ್ಲೇಟಿಗೆ 1,800 ಉಳಿಯುತ್ತದೆ.

ಚಟ್ನಿಪುಡಿಯನ್ನು ಹತ್ತು ಕಿಲೋ ಶೇಂಗಾದ ಲೆಕ್ಕದಲ್ಲಿ ಮಾಡಿ. ಹುರಿದು ಸಿಪ್ಪೆ ತೆಗೆದರೆ ಒಂಬತ್ತು ಕಿಲೋ ಉಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪುಡಿ 600 ಗ್ರಾಂ, ಬೆಳ್ಳುಳ್ಳಿ ಅರ್ಧ ಕಿಲೋ, ಉಪ್ಪು 225 ಗ್ರಾಂ, ಜೀರಿಗೆ 150 ಗ್ರಾಂ. 250 ಗ್ರಾಂನ 40 ಪಾಕೀಟು ಆಗುತ್ತವೆ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಖಾರ ಬೇಕೆನ್ನುವವರಿಗೆ ಸ್ವಲ್ಪ ಗುಂಟೂರು ಸೇರಿಸಬಹುದು. ಶೇಂಗಾ ಪೂರ್ತಿ ಆರುವ ಮೊದಲು ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಿಟ್ಟು ಬಿಟ್ಟು ತಿರುವಿ, ಒಂದೇ ಸಮನೆ ಬೇಡ. ಬಿಸಿ ಇರುವಾಗಲೇ ಪಾಕೀಟು ಕಟ್ಟಿದರೆ ಒಳಗೆ ಬೆವರಿ ವಾರದಲ್ಲಿ ಕಮಟು ವಾಸನೆ ಬರುತ್ತದೆ. ಮೂರನೇ ಒಂದು ಪಾಲು ಬೆಳ್ಳುಳ್ಳಿ ಇಲ್ಲದೆ ಮಾಡಿ ಬೇರೆ ಚೀಟಿ ಅಂಟಿಸಿ: ಶ್ರಾವಣದಲ್ಲಿ ಬೆಳ್ಳುಳ್ಳಿ ಬಿಡುವ ಮನೆಗಳೂ, ಹುಬ್ಬಳ್ಳಿಯ ಜೈನ ಮನೆಗಳೂ ಇದನ್ನೇ ಕೇಳುತ್ತವೆ, ಹೆಚ್ಚು ದಿನ ತಾಳುವುದೂ ಇದೇ. ಪಾಕೀಟಿಗೆ 55 ಬಿದ್ದು 100ಕ್ಕೆ ಹೋದರೆ ಒಂದು ಸಲಕ್ಕೆ 1,800. ನಾಲ್ಕು ಸಲ ಮಾಡಿದರೆ 7,200. ಐದನೆಯ ಸಲಕ್ಕೆ ತಾಯಂದಿರ ಕೈ ಸೋಲುತ್ತದೆ, ನಾಲ್ಕಕ್ಕೆ ನಿಲ್ಲಿಸಿ.

ಶ್ರಾವಣ, ಗಣಪತಿ

ಶ್ರಾವಣ ಸೋಮವಾರ ಗುಡಿ-ಮಠಗಳಲ್ಲಿ ಪುರಾಣ, ಪ್ರವಚನ, ಭಜನೆ ಇದ್ದೇ ಇರುತ್ತದೆ. ಪ್ರವಚನಕ್ಕೆ ಮೊದಲು ಇಪ್ಪತ್ತು ನಿಮಿಷ ಮಕ್ಕಳ ವಚನ ಗಾಯನಕ್ಕೆ ಸ್ವಾಮಿಗಳನ್ನು ಅಥವಾ ಕಮಿಟಿಯವರನ್ನು ಕೇಳಿ. ರೊಕ್ಕದ ಮಾತು ನೀವು ಎತ್ತಬೇಡಿ, ಶಿಬಿರದ ಮಾತು ಎತ್ತಿ. ಸ್ವಾಮಿಗಳೇ ಸಭೆಯಲ್ಲಿ ಒಂದು ಮಾತು ಹೇಳಿದರೆ ಅದರ ತೂಕವೇ ಬೇರೆ. ನಾಲ್ಕು ಸೋಮವಾರಕ್ಕೆ 8,000 ಎಂದು ಹಿಡಿಯಬಹುದು.

ಭಾದ್ರಪದ ಬಂತೆಂದರೆ ಅಂಗಡಿಗಳಿಗೆ ಗಣಪತಿ ಪಟ್ಟಿಯ (ಚಂದಾ ವಸೂಲಿಯ) ಕಾಟ. ಆ ಎರಡು ವಾರ ನೀವು ಪಾವತಿ ಪುಸ್ತಕ ಹಿಡಿದು ಹೋದರೆ ಮುಖ ತಿರುಗಿಸುತ್ತಾರೆ, ಅದು ನ್ಯಾಯವೇ. ಪಟ್ಟಿ ಎತ್ತಿದ ಮಂಡಳಿಗಳ ಬಳಿಯೇ ಹೋಗಿ. ಅವರಿಗೆ ಸಂಜೆ ಪೆಂಡಾಲಿನಲ್ಲಿ ಕಾರ್ಯಕ್ರಮ ಬೇಕಿರುತ್ತದೆ. 45 ನಿಮಿಷಕ್ಕೆ 3,000ದಂತೆ ಎಂಟು ಪೆಂಡಾಲು ಎಂದರೆ 24,000.

ಮಂಡಳಿಯ ಜೊತೆ ಮಾತಾಡುವಾಗ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ: ದಿನ, ಹೊತ್ತು, ಸಂಭಾವನೆ, ಮೈಕು ಯಾರದು, ಮಕ್ಕಳಿಗೆ ಉಪಾಹಾರ ಇದೆಯೋ ಇಲ್ಲವೋ. ಹೊತ್ತು ಏಳರಿಂದ ಎಂಟೂವರೆಯೊಳಗೆ, ಆರತಿಗೆ ಮೊದಲು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದು, ಪರವಾನಗಿಯೂ ಮಂಡಳಿಯ ಹೆಸರಿನಲ್ಲೇ ಇರಲಿ. ಸಂಭಾವನೆಯನ್ನು ಅದೇ ರಾತ್ರಿ ತಗೊಂಡು ಏಳಬೇಕು. ಗಣಪತಿಯನ್ನು ಕಳಿಸಿದ ಮರುದಿನ ಮಂಡಳಿಯ ಖಜಾಂಚಿ ಫೋನು ಎತ್ತುವುದಿಲ್ಲ.

ಒಂದು ಸಂಜೆಗೆ ಒಂದೇ ಪೆಂಡಾಲು. ಎರಡು ಒಪ್ಪಿಕೊಂಡರೆ ಪಕ್ಕದ ಓಣಿಯ ಡಿಜೆ ಸದ್ದಿನ ಮೇಲೆ ಹೋಗಲು ಮಕ್ಕಳು ಕೂಗಿ ಹಾಡುತ್ತಾರೆ, ಮೂರು ದಿನದಲ್ಲಿ ಗಂಟಲು ಕಟ್ಟುತ್ತದೆ. ಶಿಬಿರಕ್ಕೆ ಒಡೆದ ಗಂಟಲು ಹೊತ್ತುಕೊಂಡು ಹೋಗಿ ಏನು ಕಲಿಯುವುದು? ಸದ್ದು ಹೆಚ್ಚಿರುವ ಕಡೆ ಹಾಡುವುದನ್ನು ನಿಲ್ಲಿಸುವ ಹಕ್ಕು ಕಲಿಸುವವರಿಗೆ ಇದೆ ಎಂದು ಆ ಹಾಳೆಯಲ್ಲೇ ಬರೆದುಬಿಡಿ. ಹನ್ನೆರಡು-ಹದಿಮೂರರ ಗಂಡುಮಕ್ಕಳ ಧ್ವನಿ ಒಡೆಯುವ ವಯಸ್ಸು, ಅವರನ್ನು ಮಂದ್ರದಲ್ಲೇ ಹಾಡಿಸಿ.

ಅಂಗಡಿ, ಅಡತಿ, ಕ್ಲಬ್ಬು

"ಕೈಲಾದಷ್ಟು ಕೊಡಿ" ಎಂದರೆ ನೂರಾ ಒಂದು ಬರುತ್ತದೆ. ಇಂಥದ್ದಕ್ಕೆ ಇಷ್ಟು ಎಂದು ಕೇಳಿ. ನಮ್ಮ ಕಡೆ ಕೊಡುಗೆ ಎಂದರೆ ಕೊನೆಗೆ ಒಂದು ರೂಪಾಯಿ ಸೇರಲೇಬೇಕು, ಹಾಗಾಗಿ 301 ದಾರಿಯ ಊಟಕ್ಕೆ, 701 ಹೋಗಿ ಬರುವ ತಿಕೀಟಿಗೆ, 3,501 ಶಿಬಿರದ ಶುಲ್ಕಕ್ಕೆ, 6,151 ಒಂದು ಮಗುವಿನ ಪೂರ್ತಿ ಖರ್ಚಿಗೆ ಎಂದು ನಾಲ್ಕೇ ಮೆಟ್ಟಿಲು ಇಡಿ. 701ರ ಇಪ್ಪತ್ತೈದು ಜನ, 3,501ರ ಇಬ್ಬರು, 301ರ ಏಳು ಮಂದಿ ಸಿಕ್ಕರೆ 26,400 ದಾಟುತ್ತದೆ.

ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಅಡತಿ (ದಲಾಲಿ) ಅಂಗಡಿಗೆ ಹೋಗುವುದಾದರೆ ಸವಾಲು (ಹರಾಜು) ನಡೆಯುವ ಹೊತ್ತು ಬಿಟ್ಟು ಮಧ್ಯಾಹ್ನ ಲೆಕ್ಕಕ್ಕೆ ಕೂತಾಗ ಹೋಗಿ. ಇಬ್ಬರೇ ಹೋಗಿ, ಒಬ್ಬರು ಅವರ ಪರಿಚಯದವರಾಗಿರಲಿ. ಮಾತು ಉದ್ದ ಬೇಡ.

"ಸಾವಕಾರ್ರ, ಎಷ್ಟಂತ ಬರಿಯೂಣ್ರಿ?" ಎನ್ನುವ ಬದಲು "ಸಾವಕಾರ್ರ, ನಿಮ್ಮ ಹೆಸರಿಲೆ ಎರಡು ಹುಡುಗ್ಯಾರ ತಿಕೀಟು ಆತಂದ್ರ ಸಾಕ್ರಿ" ಎಂದರೆ ಅವರು ಯೋಚಿಸುವುದು ಎರಡೋ ಮೂರೋ ಎಂದು, ಕೊಡಬೇಕೋ ಬೇಡವೋ ಎಂದಲ್ಲ.

ಕೈಯಲ್ಲಿ ಕೊಡಲು ಪತ್ರ ಹೀಗಿರಲಿ:

"ಸನ್ಮಾನ್ಯರಿಗೆ ನಮಸ್ಕಾರ. ನಮ್ಮ ಗಾಯನ ತಂಡದ 24 ಮಕ್ಕಳು ದಸರೆ ರಜೆಯಲ್ಲಿ ಮೈಸೂರಿನ ಐದು ದಿನದ ವಸತಿ ಶಿಬಿರಕ್ಕೆ ಹೋಗುತ್ತಿದ್ದಾರೆ. ಒಂದು ಮಗುವಿಗೆ ಒಟ್ಟು ಖರ್ಚು ರೂ. 6,150. ಪಾಲಕರ ಪಾಲು ರೂ. 2,500. ಒಂದು ಮಗುವಿನ ಹೋಗಿ ಬರುವ ರೈಲು ತಿಕೀಟು, ರೂ. 701, ತಮ್ಮ ಕಡೆಯಿಂದ ಆಗಲಿ ಎಂದು ಕೇಳುತ್ತೇವೆ. ಮಕ್ಕಳು ಬಂದ ಮೇಲೆ ಕಲಿತ ಹಾಡುಗಳನ್ನು ತಮ್ಮ ಮುಂದೆ ಹಾಡುತ್ತಾರೆ. ಖರ್ಚಿನ ಪೂರ್ತಿ ಲೆಕ್ಕವನ್ನು ಆ ದಿನ ಕೊಡುತ್ತೇವೆ."

ರೋಟರಿ, ಲಯನ್ಸ್ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರು. ಹೊಸ ಅಧ್ಯಕ್ಷರು ಜೂನ್‌ನಲ್ಲೇ ವರ್ಷದ ಕೆಲಸ ಗೊತ್ತು ಮಾಡಿಕೊಳ್ಳುತ್ತಾರೆ, ಪತ್ರ ಅವರ ಕೈಗೆ ಆಗಲೇ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ಹೋದರೆ "ಬಜೆಟ್ ಮುಗದೈತ್ರಿ" ಎಂಬ ಉತ್ತರ ಸಿದ್ಧ.

ಬೆನ್ನು ಹತ್ತಬಾರದ ರೊಕ್ಕ

ಲಕ್ಕಿ ಡ್ರಾ ಕೂಪನ್ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ, ಮಕ್ಕಳ ಹೆಸರಿನಲ್ಲಿ ಆ ಗೊಡವೆ ಯಾಕೆ? ಅಮೆರಿಕದಲ್ಲಿರುವ ಅಣ್ಣನೋ ಕಾಕಾನೋ ಕಳಿಸುತ್ತೇನೆ ಎಂದರೆ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದವರು ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತಗೊಂಡವರ ರೊಕ್ಕ ಕಾನೂನಿನ ಕಣ್ಣಿಗೆ ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ರೊಕ್ಕದ ಹಿಂದೆ ಓಡುವುದೂ ಈ ಗಾತ್ರದ ಕೆಲಸಕ್ಕೆ ಅಲ್ಲ, ಅದಕ್ಕೆ ಬೇಕಾದ ನೋಂದಣಿ, ಕಾಗದಪತ್ರ ಕೂಡುವಷ್ಟರಲ್ಲಿ ಶಿಬಿರ ಮುಗಿದಿರುತ್ತದೆ. ಸರ್ಕಾರದ ಧನಸಹಾಯಕ್ಕೆ ಅರ್ಜಿ ಹಾಕಿ, ಈ ವರ್ಷದ ಲೆಕ್ಕದಲ್ಲಿ ಮಾತ್ರ ಸೊನ್ನೆ ಬರೆಯಿರಿ.

ಹೊರಡುವ ಮೊದಲು, ಬಂದ ಮೇಲೆ

ಆಗಸ್ಟ್ 31ಕ್ಕೆ ಒಮ್ಮೆ ಕೂತು ಲೆಕ್ಕ ನೋಡಿ. ಪಾಲಕರ ಎರಡನೇ ಕಂತು, ಪೆಂಡಾಲಿನಲ್ಲಿ ಖಾತ್ರಿಯಾದ ಸಂಭಾವನೆ ಹಿಡಿದರೂ 15,000ಕ್ಕಿಂತ ಹೆಚ್ಚು ಕೊರತೆ ಕಂಡರೆ ಪಾಲಕರಿಗೆ ಆಗಲೇ ಹೇಳಿ. ಖರ್ಚು ಇಳಿಸುವ ಕ್ರಮ ಮೊದಲೇ ಗೊತ್ತಿರಲಿ: ವಾದ್ಯ ಸಾಗಿಸದೆ ಶಿಬಿರದವರದ್ದೇ ಬಳಸುವುದು, ದಾರಿಯ ಊಟಕ್ಕೆ ಮನೆಯಿಂದ ಖಡಕ್ ರೊಟ್ಟಿ, ಚಟ್ನಿ, ಶೇಂಗಾ ಹೋಳಿಗೆ ಕಟ್ಟಿಸುವುದು, ನಿಲ್ದಾಣದ ವಾಹನಕ್ಕೆ ಪಾಲಕರ ಗಾಡಿ ಕೇಳುವುದು. ಇಷ್ಟರಲ್ಲೇ ಹತ್ತು ಸಾವಿರ ಉಳಿಯುತ್ತದೆ. ಮಕ್ಕಳ ಸಂಖ್ಯೆ ಇಳಿಸುವುದು ಮತ್ತು ಜೊತೆಗೆ ಹೋಗುವ ದೊಡ್ಡವರನ್ನು ಇಳಿಸುವುದು, ಇವೆರಡನ್ನೂ ಮುಟ್ಟಬೇಡಿ.

ಹೊರಡುವಾಗ ಖಜಾಂಚಿಯ ಚೀಲದಲ್ಲಿ ನಗದು 10,000, ಎಲ್ಲ ಮಕ್ಕಳ ಪಾಲಕರ ಒಪ್ಪಿಗೆ ಪತ್ರ, ಅಲರ್ಜಿ ಮತ್ತು ಔಷಧದ ಪಟ್ಟಿ, ಖಾಲಿ ಲಕೋಟೆ ಆರು. ಪ್ರತಿ ದಿನದ ಬಿಲ್ಲು ಒಂದು ಲಕೋಟೆಗೆ. ಆಟೋದವರು, ಹಮಾಲರು ಬಿಲ್ಲು ಕೊಡುವುದಿಲ್ಲ, ಅದನ್ನು ಅವತ್ತೇ ಚೀಟಿಯಲ್ಲಿ ಬರೆದು ಇಬ್ಬರು ಸಹಿ ಹಾಕಿ ಅದೇ ಲಕೋಟೆಗೆ ಸೇರಿಸಿ.

ಬಂದ ಹದಿನೈದು ದಿನದೊಳಗೆ ಒಂದು ಪುಟದ ಲೆಕ್ಕ, ಎಲ್ಲ ದಾನಿಗಳಿಗೂ. ಅದರ ಜೊತೆಗೇ ಹಾಡು ಕೇಳಲು ಕರೆ: ಸಣ್ಣ ಹಾಲು, ಮೈಕಿಲ್ಲದೆ, ಅರ್ಧ ಗಂಟೆ. ಉಳಿದ ರೊಕ್ಕ ಏನಾಗಬೇಕು ಎಂಬುದನ್ನು ಜೂನ್‌ನ ಮೊದಲ ಸಭೆಯಲ್ಲೇ ಠರಾವು ಮಾಡಿ ಬರೆದಿಟ್ಟಿರಬೇಕು, ಇಲ್ಲದಿದ್ದರೆ ಉಳಿದ ಏಳೆಂಟು ಸಾವಿರಕ್ಕೆ ಆಗುವ ಜಗಳ ಕೂಡಿಸಿದ ಒಂದೂವರೆ ಲಕ್ಷಕ್ಕೂ ಆಗಿರುವುದಿಲ್ಲ. ತಂಡದ ತಾನ್ಪುರಾಕ್ಕೆ ಹೊಸ ತಂತಿ, ತಬಲಾಕ್ಕೆ ಹೊಸ ಪುಡಿ (ಮೇಲಿನ ಚರ್ಮದ ಹೊದಿಕೆ) ಹಾಕಿಸಿ, ಮಿಕ್ಕಿದ್ದನ್ನು ಮುಂದಿನ ವರ್ಷದ ಮುಂಗಡಕ್ಕೆ ಅದೇ ಖಾತೆಯಲ್ಲಿ ಬಿಡಿ.